ನೀರೊಲೆಯಲ್ಲಿ ಸುಟ್ಟು ನೋಡಿದ ತೊಲೆ

ಚಿಕ್ಕಪ್ಪನ ಹೆಂಡತಿ, ನಮ್ಮ ಕಾಕಿ, ಬೆಟಗೇರಿಯ ನೇಕಾರರ ಓಣಿಯಲ್ಲಿ ಸೀರೆ ವ್ಯಾಪಾರದ ಕಚೇರಿ ನಡೆಸುತ್ತಾಳೆ. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ. ಅಂಟಿಕೊಂಡೇ ಇರುವ ಗದಗು ಜಿಲ್ಲಾ ಕೇಂದ್ರವಾದ ಮೇಲೆ ವ್ಯಾಪಾರ ಹಿಗ್ಗುತ್ತ ಹೋಗಿ, ಮೇಲೊಂದು ಮಹಡಿ ಅನಿವಾರ್ಯವಾಯಿತು. ಹಳೆಯ ಗೋಡೆ ಕಾಂಕ್ರೀಟಿನ ಭಾರ ತಾಳದೆಂದು ಎಂಜಿನಿಯರು ಹೇಳಿಬಿಟ್ಟರು. ಮಹಡಿ ಏಳದಿದ್ದರೆ ಕಚೇರಿಯನ್ನು ಊರಾಚೆಗೆ ಸಾಗಿಸಬೇಕು.

"ಅಲ್ಲಿ ಹೋಗಿ ಕುಂತ್ರ, ನೇಕಾರ ಸೀರಿ ಹೊತ್ಕೊಂಡು ಅಲ್ಲೀತನಕ ಯಾಕ ಬರ್ತಾನ?" ಎಂದು ಕಾಕಿ ಕೇಳಿದಳು.

ಕಟ್ಟಡ ವಿನ್ಯಾಸ ಓದಿಕೊಂಡು ಆಗಷ್ಟೇ ಊರಿಗೆ ಮರಳಿದ್ದ ನಾನು ಅಂಟುತೊಲೆಯ ಮಾತೆತ್ತಿದೆ. ತೆಳು ಹಲಗೆಗಳನ್ನು ಪದರ ಪದರವಾಗಿ ಅಂಟಿಸಿ, ಒತ್ತಿ ಮಾಡಿದ ತೊಲೆ ಅದು. ಕಾಂಕ್ರೀಟಿಗಿಂತ ಬಹಳ ಹಗುರ; ಮರ ಬೆಳೆಯುವಾಗ ಹೀರಿಕೊಂಡ ಇಂಗಾಲವೂ ಅದರೊಳಗೇ ಉಳಿಯುತ್ತದೆ. ಹುಬ್ಬಳ್ಳಿಯಿಂದ ಕಂಪನಿಯ ಪ್ರತಿನಿಧಿಯೊಬ್ಬ ಒಂದು ತುಂಡು ಹಿಡಿದು ಬಂದ.

"ಸೀರಿ ಇಡೂ ಜಾಗಾದಾಗ ಕಟ್ಟಿಗಿ? ನನಗ ಚಿತಿ ಒಟ್ಟಾಕ ಬಂದೀರೇನ್ರಿ?"

"ಅಕ್ಕಾರ, ಇದು ಲಗೂನ ಹತ್ಕೊಳ್ಳೂದಿಲ್ರಿ."

"ಹಂಗಾರ ಹಿತ್ತಲಕ ನಡೀರಿ."

ನೀರು ಕಾಯಿಸುವ ಒಲೆಗೆ ತುಂಡನ್ನು ನೂಕಿ ಮೂವರೂ ಕುಕ್ಕರಗಾಲಿನಲ್ಲಿ ಕುಳಿತೆವು. ಹಂಡೆಯ ನೀರು ಮರಳಿತು. ಹೊರತೆಗೆದು ಆರಿಸಿ ಕೊಯ್ದಾಗ, ಇದ್ದಿಲಿನ ಕರಿ ತೊಗಟೆಯ ಒಳಗೆ ತಿರುಳು ಹಸನಾಗಿಯೇ ಇತ್ತು. ಸುಟ್ಟ ಪದರವೇ ಒಳಗಿನದನ್ನು ಬೆಂಕಿಯಿಂದ ಮರೆಮಾಡಿತ್ತು. ಒಂದು ತುಂಡು ಉಳಿದದ್ದು ಇಡೀ ಕಟ್ಟಡಕ್ಕೆ ಸಾಕ್ಷಿಯಲ್ಲವೆಂಬುದು ಗೊತ್ತಿದ್ದರೂ ಆ ತಿರುಳನ್ನು ಮುಟ್ಟಿ ಮುಟ್ಟಿ ನೋಡಿದೆ.

ನಮ್ಮ ಓಣಿಯಲ್ಲಿ ಯಾರೂ ಸೀರೆಯ ಮುಂಬದಿ ನೋಡಿ ಬೆಲೆ ಕಟ್ಟುವುದಿಲ್ಲ. ಮಗುಚಿ ಹಾಕಿ, ಹಿಂಬದಿಯಲ್ಲಿ ಎಳೆಗಳನ್ನು ಎಲ್ಲೆಲ್ಲಿ ಕತ್ತರಿಸಿದ್ದಾರೆಂದು ನೋಡುತ್ತಾರೆ. ಕಾಕಿ ಮರವನ್ನೂ ಹಾಗೆಯೇ ಮಗುಚಿದಳು.

"ಈ ಗಿಡ ಎಲ್ಲಿ ಕಡದೀರಿ?"

"ಬೆಳಸಿದ ಗಿಡಾರಿ, ಅಡವೀದಲ್ಲ. ಪರಿಸರಸ್ನೇಹಿ."

"ಎಲ್ಲಿ ಅಂದೆ."

"ಅದು ಕಂಪನ್ಯಾಗ ಗೊತ್ತಿರತೈತ್ರಿ."

ನನಗೆ ರೇಗಿತು. ನಮ್ಮ ಜಿಲ್ಲೆಯ ಕಪ್ಪತಗುಡ್ಡವನ್ನು ಗಣಿಗಾಗಿ ಅಗೆಯಲು ಬಂದವರೆಲ್ಲ ಒಂದಲ್ಲ ಒಂದು ಚೆಂದದ ಪದ ಹೊತ್ತು ಬಂದವರೇ. ಪರಿಸರಸ್ನೇಹಿ ಎಂಬ ಪದಕ್ಕೆ ಒಂದು ಊರು ಬೇಕು, ಉತ್ತರ ಕೊಡುವ ಒಬ್ಬ ಮನುಷ್ಯ ಬೇಕು. ಇಲ್ಲದಿದ್ದರೆ ಅದು ಬರೀ ಬಣ್ಣ ಎಂದು ಭಾಷಣವನ್ನೇ ಬಿಗಿದೆ.

"ನೀ ಸುಮ್ನಿರವಾ, ಅವ್ರ ಕಿವಿ ತೂತು ಬೀಳ್ತಾವು," ಎಂದ ಕಾಕಿ ಅವನತ್ತ ತಿರುಗಿದಳು. "ಆ ಜಾಗಾ ತೋರಸ್ರಿ. ಆಮ್ಯಾಲ ಮಾತಾಡೂಣು."

ಅವನು ನಕ್ಕ. ಅವಳು ನಗಲಿಲ್ಲ.

ಕೆಲವು ವಾರಗಳ ನಂತರ ಅವನೇ ನಮ್ಮನ್ನು ದೂರದ ನೀಲಗಿರಿ ತೋಪೊಂದಕ್ಕೆ ಕರೆದೊಯ್ದ. ಕಡಿದ ಬುಡಗಳಲ್ಲಿ ಹೊಸ ಚಿಗುರು ಮೊಣಕಾಲೆತ್ತರ ಬಂದಿತ್ತು. ಇಲ್ಲಿ ಮೊದಲು ಏನಿತ್ತೆಂದು ಕಾಕಿ ಕೇಳಿದಾಗ, ತೋಪಿನ ಒಡೆಯ ಮುಚ್ಚುಮರೆಯಿಲ್ಲದೆ ಹೇಳಿದ: "ಕಲ್ಲಭೂಮಿರಿ. ಕುರಿ ಮೇಯ್ತಿದ್ವು. ಈಗ ಅವನ್ನ ಆ ಕಡೆ ದಿನ್ನಿಗೆ ಹೊಡ್ಕೊಂಡು ಹೋಗ್ತಾರ." ಆ ಉತ್ತರ ನನಗೆ ಪೂರ್ತಿ ಹಿಡಿಸಲಿಲ್ಲ, ಆದರೆ ಅದು ಉತ್ತರವಾಗಿತ್ತು.

"ನಾಳೆ ಅಂಟು ಬಿಟ್ರ ಯಾರು ಬರ್ತೀರಿ?" ಕಾಕಿ ಪ್ರತಿನಿಧಿಯನ್ನು ಕೇಳಿದಳು.

"ನಾನ ಬರ್ತೀನ್ರಿ."

"ನೀವು ಬ್ಯಾರೆ ಕಂಪನಿ ಸೇರಿದ್ರ?"

ಅವನು ಅಲ್ಲೇ ನಿಂತು ತನ್ನ ಮೇಲಿನವರಿಗೆ ಫೋನು ಹಚ್ಚಿದ. ಆ ಮೇಲಿನವರು ಬೆಟಗೇರಿಗೆ ಬಂದು, ಓಣಿಯ ಹಿರಿಯರ ಎದುರು ತೊಲೆಗೆ ಕಂಪನಿಯೇ ಹೊಣೆಯೆಂದು ಒಪ್ಪಿಕೊಂಡ ಮೇಲೆಯೇ ಕಾಕಿ ಮಹಡಿಗಾಗಿ ಗೋಡೆ ಅಳೆಯಲು ಬಾಗಿಲು ತೆರೆದಳು.