ಅತಿಥಿಗಳಿಗೆ ಮೊದಲು

ಗಿರಿಜಮ್ಮ ಮೇಡಂ ಫ್ಲಾಸ್ಕಿನ ಮುಚ್ಚಳ ತಿರುಗಿಸಿದರೆಂದರೆ ಸ್ಟಾಫ್ ರೂಮಿನಲ್ಲಿ ಯಾರೂ ಲೋಟಕ್ಕೆ ಕೈ ಹಾಕುತ್ತಿರಲಿಲ್ಲ. ಮೊದಲ ಲೋಟ ಕಾಫಿ ನನ್ನದು. ನಾನು ಆ ಶಾಲೆಯಲ್ಲಿ ಗಣಿತ ಹೇಳಿಕೊಡುವ ಅತಿಥಿ ಶಿಕ್ಷಕಿ. “ಅತಿಥಿಗಳಿಗೆ ಮೊದಲು,” ಎಂದು ಲೋಟ ಚಾಚಿ, ಆಮೇಲೆ ಗೊಣಗುತ್ತಿದ್ದರು. “ಅತಿಥಿ ಅಂತೆ! ಎಲ್ರಷ್ಟೇ ದುಡಿಸ್ಕೊಂಡು ಹೆಸ್ರು ಮಾತ್ರ ನೆಂಟ್ರದ್ದು.”

ಅಜ್ಜಂಪುರದ ಹತ್ತಿರದ ಆ ಹೈಸ್ಕೂಲಿಗೆ ಅವರು ಮುಖ್ಯೋಪಾಧ್ಯಾಯಿನಿ. ಪಾಠ ಕನ್ನಡ, ಮಾತು ಖಾರ. ಒಮ್ಮೆ ಮೇಡಂ “ಅತಿಥಿಗಳಿಗೆ ಮೊದಲು” ಎಂದದ್ದೇ ತಡ, ತಪಾಸಣೆಗೆ ಬಂದ ಸಾಹೇಬರು ತಮಗೇ ಅಂದುಕೊಂಡು ಕೈ ನೀಡಿದರು. ಲೋಟ ಅವರ ಮೂಗಿನ ಮುಂದೆಯೇ ದಾಟಿ ನನ್ನ ಕೈಗೆ ಬಂತು. “ಸ್ವಲ್ಪ ತಡೀರಿ ಸಾರ್. ನೀವು ಅತಿಥಿ ಅಲ್ಲ, ನಿಮ್ಗೆ ಸಂಬಳ ಐತೆ.” ಸಾಹೇಬರು ನಕ್ಕರು. ನಾನು ತಲೆ ತಗ್ಗಿಸಿಕೊಂಡೇ ಕುಡಿದೆ.

ನಾನು ಚೊಚ್ಚಲ ಬಸುರಿಯಾದಾಗ ವಿಜ್ಞಾನದ ಟೀಚರೂ ಬಸುರಿ. ಅವರದು ಕಾಯಂ ನೌಕರಿ, ಸಂಬಳಸಮೇತ ಆರು ತಿಂಗಳ ಹೆರಿಗೆ ರಜೆ. ನನಗೆ ಪಾಠ ಮಾಡಿದರೆ ಗೌರವಧನ. ಮಾಡದಿದ್ದರೆ ಅದೂ ಇಲ್ಲ, ಜಾಗಕ್ಕೂ ಇನ್ನೊಬ್ಬರು ಬರುತ್ತಾರೆ. ಮೇಡಂ ಹೇಳಿದರು: “ಸುಳ್ಳು ಹಾಜರಿ ನಾನು ಹಾಕಲ್ಲ ಕಣೇ. ನಿನ್ನ ಜಾಗಾನೂ ಬಿಟ್ಕೊಡಲ್ಲ. ಹೋಗಿ ಹೆತ್ಕೊಂಡು ಬಾ.”

ನನ್ನ ತರಗತಿಗಳನ್ನು ತಾವೇ ತೆಗೆದುಕೊಂಡರು. ಗಣಿತ ಅವರಿಗೆ ಅಷ್ಟಕ್ಕಷ್ಟೆ. “ಎಕ್ಸ್ ಯಾರು ಅಂತ ಗೊತ್ತಾಗೋ ತನಕ ಅವ್ರಿಗೆ ಬಹುವಚನ ಕೊಡ್ರಿ,” ಎಂದಿದ್ದರಂತೆ. ಕಿವಿಗೆ ಹತ್ತಿ ಇಟ್ಟುಕೊಂಡು, ತಲೆಗೆ ಬಟ್ಟೆ ಸುತ್ತಿಕೊಂಡು, ಬಾಣಂತನ ಮುಗಿಯುವ ಮೊದಲೇ ನಾನು ಶಾಲೆಗೆ ವಾಪಸಾದಾಗ ಹುಡುಗರು ಇನ್ನೂ “ಎಕ್ಸ್ ಅವರು” ಎನ್ನುತ್ತಿದ್ದರು.

ಆಮೇಲೆ ಅವರು ನಿವೃತ್ತರಾಗಿ ಸಿಂಗಟಗೆರೆಗೆ ಹೋದರು. ನನಗೆ ತರೀಕೆರೆಯಲ್ಲಿ ಕಾಯಂ ಕೆಲಸ ಸಿಕ್ಕಿತು, ಎರಡನೆಯ ಮಗುವಾಯಿತು. ಅದನ್ನೆತ್ತಿಕೊಂಡು ಕಡೂರಿನ ಮೇಲೆ ಬಸ್ಸಿನಲ್ಲಿ ಹೋಗಿ ಅವರನ್ನು ಕಂಡೆ. ಅಂದು ಮೊದಲ ಲೋಟ ತಾವೇ ಕುಡಿದರು.

“ನೀನೀಗ ಅತಿಥಿ ಅಲ್ವಲ್ಲ. ಇದಕ್ಕೆ ಆರು ತಿಂಗ್ಳು ರಜೆ ಕೊಟ್ರೇನೇ?”

“ಕೊಟ್ರು ಮೇಡಂ.”

“ಮೊದಲ್ನೇದೂ ನಿನ್ ಹೊಟ್ಟೇಲೇ ಹುಟ್ಟಿದ್ದಲ್ವೇ? ಹೋಗ್ಲಿ, ಈಗ ನಿನ್ ಪಾಠ ಯಾರು ಮಾಡ್ತವ್ರೆ?”

“ಒಬ್ಳು ಅತಿಥಿ ಶಿಕ್ಷಕಿ.” ಮಗುವಿನ ಟೋಪಿ ಸರಿಮಾಡುತ್ತಾ, “ಅವಳೂ ಬಸುರಿ,” ಎಂದೆ.

ಮೇಡಂ ಲೋಟ ಕೆಳಗಿಟ್ಟರು. “ಅಂದ್ರೆ ನಿನ್ ರಜೆ ಮುಗಿದ್ ದಿನ ಅವಳ ಕೆಲ್ಸಾನೂ ಮುಗೀತು.”

ನನಗೆ ಸಿಟ್ಟೇ ಬಂತು. ಆ ನಿಯಮ ನಾನು ಮಾಡಿದ್ದೇ? ಹೊರಡುವಾಗ ಫ್ಲಾಸ್ಕನ್ನು ನನ್ನ ಚೀಲಕ್ಕೆ ತುರುಕಿದರು. “ನಾನಿನ್ ಯಾರಿಗೆ ಕೊಡ್ಲಿ? ತಗೊಂಡ್ಹೋಗು.”

ನನ್ನ ರಜೆ ಮುಗಿಯುವ ಮೊದಲೇ ಅವರು ತೀರಿಕೊಂಡರು. ಮಗು ಚಿಕ್ಕದು, ಹೋಗಲಾಗಲಿಲ್ಲ.

ಕೆಲಸಕ್ಕೆ ಹಾಜರಾದ ಬೆಳಿಗ್ಗೆ ಆ ಹುಡುಗಿ ತುಂಬಿದ ಹೊಟ್ಟೆ ಹೊತ್ತು, ಎಲ್ಲಿಯವರೆಗೆ ಪಾಠ ಆಗಿದೆ ಎಂದು ತಿಳಿಸಿ, ಸೀಮೆಸುಣ್ಣದ ಡಬ್ಬಿ ನನ್ನ ಕೈಗೆ ಕೊಟ್ಟಳು. ನಾನು ಫ್ಲಾಸ್ಕು ತೆರೆದು ಮೊದಲ ಲೋಟ ಅವಳಿಗೆ ಕೊಟ್ಟೆ. ಮೇಡಂ ಹೇಳುತ್ತಿದ್ದ ಆ ಎರಡು ಮಾತು ಹೇಳಲು ಮಾತ್ರ ಬಾಯಿ ಬರಲಿಲ್ಲ.