ಭಾವನ ಸೊಂಟದ ಗಂಟು

ಕಳೆದ ಭಾನುವಾರ ನಮ್ಮ ಸೂಪರ್‌ಹೀರೋ ಕೆಸರಲ್ಲಿ ಕೂತುಬಿಟ್ಟರು.

ಸೂಪರ್‌ಹೀರೋ ಎಂದರೆ ನನ್ನ ಭಾವ ಮಲ್ಲೇಶಣ್ಣ, ಅಕ್ಕನ ಗಂಡ. ವಯಸ್ಸು ಅರವತ್ತಾರು. (ಚಡ್ಡಿಯನ್ನು ಪ್ಯಾಂಟಿನ ಒಳಗೇ ಹಾಕುತ್ತಾರೆ, ಅನುಮಾನ ಬೇಡ.) ಒಂದು ಕಾಲದಲ್ಲಿ ಆನೇಮಹಲ್ ಹತ್ತಿರ ಚರಂಡಿಗೆ ಇಳಿದಿದ್ದ ಎಸ್ಟೇಟ್ ಜೀಪಿನ ಹಿಂಭಾಗವನ್ನು ಒಬ್ಬರೇ ಎತ್ತಿ ರಸ್ತೆಗಿಟ್ಟವರು. ಆ ಒಂದು ಜೀಪಿನ ಮೇಲೆ ಎರಡು ಸಲ ಪಂಚಾಯ್ತಿ ಮೆಂಬರ್ ಆದರು. ಪ್ರಣಾಳಿಕೆ ಗಿಣಾಳಿಕೆ ಏನೂ ಇರಲಿಲ್ಲ. "ಜೀಪ್ ಎತ್ತಿದೋನು ಊರ್ ಎತ್ತಲ್ವಾ?" ಅಂತ ಜನ ವೋಟು ಹಾಕಿದರು.

ಮೂರನೇ ಸಲ ವಾರ್ಡು ಮಹಿಳೆಯರಿಗೆ ಮೀಸಲಾಯಿತು. ಅಕ್ಕ ನಿಂತಳು, ಗೆದ್ದಳು. ಮೊದಲ ಮೀಟಿಂಗಿಗೆ ಭಾವನೂ ಇಸ್ತ್ರಿ ಶರ್ಟ್ ಹಾಕಿಕೊಂಡು ಹೋಗಿ, ಅಕ್ಕನ ಪಕ್ಕ ಕುರ್ಚಿ ಎಳೆದುಕೊಂಡು ಕೂತರು.

"ಯಜಮಾನ್ರೇ, ಮೆಂಬರ್ ಮಾತ್ರ ಒಳಗಿರ್ಬೇಕು," ಎಂದರು ಅಧಿಕಾರಿ.

ಭಾವ ಎರಡು ಗಂಟೆ ಹೊರಗಿನ ಬೆಂಚಿನಲ್ಲಿ ಅಕ್ಕನ ವ್ಯಾನಿಟಿ ಬ್ಯಾಗ್ ಹಿಡಿದು ಕೂತಿದ್ದರು. ಜೀಪ್ ಎತ್ತಿದ ಕೈ ನೋಡಿ!

ಉಳಿದಿದ್ದು ಹಗ್ಗ ಒಂದೇ. ಕೆಸರುಗದ್ದೆ ಹಗ್ಗಜಗ್ಗಾಟದಲ್ಲಿ ಮೂವತ್ತು ವರ್ಷದಿಂದ ನಮ್ಮೂರ ಟೀಮಿನ ಕೊನೆಯ ಆಳು ಭಾವನೇ. ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿ, ಗಂಟು ಹಾಕಿಕೊಂಡು ನಿಂತರೆ ಮುಗಿಯಿತು. (ಗಂಟು ಹಾಕಬಾರದು ಅಂತ ರೂಲ್ಸ್ ಬುಕ್ಕಿನಲ್ಲಿದೆಯಂತೆ. ಆ ಬುಕ್ಕು ಕುಂದೂರು ದಾಟಿ ನಮ್ಮ ಕಡೆಗೆ ಇನ್ನೂ ಬಂದಿಲ್ಲ.)

ಭಾನುವಾರ ಆಲೂರು ಕಡೆಯ ಹುಡುಗರ ಎದುರು ಮೊದಲ ರೌಂಡ್. ಹತ್ತು ಎಣಿಸುವಷ್ಟರಲ್ಲಿ ಭಾವ ಪಚಕ್ಕನೆ ಕೂತರು. ನಾವು ಸೋತೆವು. ಇರೋದು ಮೂರೇ ರೌಂಡ್, ಇನ್ನೊಂದು ಸೋತರೆ ಮನೆಗೆ. ಭಾವನ ಜಾಗಕ್ಕೆ ಬೇರೆಯವರು ಬೇಕು ಅಂತ ಟೀಮಿಗೆಲ್ಲ ಗೊತ್ತು. ಹೇಳುವವರು ಯಾರು? ಎಲ್ಲರೂ ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ.

"ಕಾಲು ಜಾರ್ತು ಕಣ್ರೋ, ಇನ್ನೊಂದ್ ಸಲ ಎಳಿಯಾನ," ಎನ್ನುತ್ತಾ ಭಾವ ಗಂಟನ್ನು ಇನ್ನಷ್ಟು ಬಿಗಿದುಕೊಂಡರು. ನನಗೆ ನಿಜಕ್ಕೂ ಸಂಕಟವಾಯಿತು.

ಬಹುಮಾನ ಕೊಡಲೆಂದು ವೇದಿಕೆಯಲ್ಲಿ ಕೂತಿದ್ದ ಅಕ್ಕ ಸೆರಗು ಸಿಕ್ಕಿಸಿಕೊಂಡು ಗದ್ದೆಗೇ ಇಳಿದಳು.

"ರೀ, ಸಾಕು. ಬಿಚ್ಚಿ."

ಭಾವ ಎದುರಿನ ಹುಡುಗರನ್ನೊಮ್ಮೆ, ಅಕ್ಕನನ್ನೊಮ್ಮೆ ನೋಡಿದರು. ಆಮೇಲೆ ಗಂಟಿಗೆ ಕೈ ಹಾಕಿದರು. "ಬಿಚ್ಚಕ್ ಆಯ್ತಿಲ್ಲ ಕಣೇ!"

ಹಗ್ಗ ಒದ್ದೆ, ಬಿಗಿದವರು ಭಾವ. ಇಬ್ಬರು ಹುಡುಗರು ಜಗ್ಗಿದರೂ ಗಂಟು ಸಡಿಲಲಿಲ್ಲ. ಅಕ್ಕ ತಲೆಯಿಂದ ಹೇರ್‌ಪಿನ್ ತೆಗೆದು, ಗಂಟಿನೊಳಗೆ ತೂರಿಸಿ ಮೀಟಿದಳು. ಬಿಚ್ಚಿಕೊಂಡಿತು. ಹೆಗಲಲ್ಲಿದ್ದ ವ್ಯಾನಿಟಿ ಬ್ಯಾಗನ್ನು ಭಾವನ ಕೈಗಿಟ್ಟು, "ಹಿಡ್ಕಳಿ. ಕೂಗಕ್ಕೆ ಗಂಟ್ಲಂತೂ ಐತಲ್ಲ," ಎಂದಳು.

ಭಾವನ ಜಾಗದಲ್ಲಿ ಎಸ್ಟೇಟಿನ ಲೆಕ್ಕ ಬರೆಯುವ ನಮ್ಮ ದಢೂತಿ ರೈಟರ್ ನಿಂತ. ಭಾವ ಬದುವಿನ ಮೇಲೆ ಬ್ಯಾಗ್ ಬೀಸುತ್ತಾ ಕೂಗಿದರು ನೋಡಿ, ಆಲೂರಿಗೇ ಕೇಳಿಸಿರಬೇಕು. ಎರಡನೇ ರೌಂಡ್ ಗೆದ್ದೆವು. ಮೂರನೆಯದು ಸೋತೆವು.

ನಾನು ಸಮಾಧಾನ ಹೇಳಲು ಹೋದರೆ ಭಾವನ ಮುಖ ಅರಳಿತ್ತು.

"ಮೂವತ್ತು ವರ್ಷ ಬರೀ ಮುಂದಿನೋನ ಬೆನ್ನೇ ನೋಡಿದ್ದು ಮಾರಾಯ. ಹಗ್ಗಜಗ್ಗಾಟ ಅಂದ್ರೆ ಹಿಂಗಿರ್ತೈತೆ ಅಂತ ಇವತ್ತೇ ಕಣೋ ಗೊತ್ತಾಗಿದ್ದು! ಏನ್ ಮಜಾ ಐತೆ!"

ಮನೆಗೆ ಬರುವವರೆಗೂ ಅದನ್ನೇ ಹೇಳುತ್ತಿದ್ದರು. ಬ್ಯಾಗ್ ಇನ್ನೂ ಕೈಯಲ್ಲೇ ಇತ್ತು.

ಅಲ್ಲಾ, ಸೊಂಟಕ್ಕೆ ಕುರ್ಚಿಯನ್ನೇ ಬಿಗಿದುಕೊಂಡು ಕೂತಿರುವ ನಮ್ಮ ದೊಡ್ಡ ದೊಡ್ಡ ಸೂಪರ್‌ಹೀರೋಗಳ ಮನೆಯಲ್ಲಿ ಒಂದು ಹೇರ್‌ಪಿನ್ನೂ ಇಲ್ಲವೇ?