ಒಂದೇ ಸೂರು, ಎರಡು ಸಂಸಾರ

ಬ್ರೆಯಿಲಾ ಊರಿನ ನಿವೃತ್ತ ಟ್ರಾಮ್ ಮೆಕ್ಯಾನಿಕ್ ನೆಲುವಿಗೆ ಒಂದು ಕಂಪ್ಯೂಟರಿನಿಂದ ಹತ್ತರ ಕೆಲಸ ತೆಗೆಯುವ ಹುಚ್ಚು. ಪೆಟ್ಟಿಗೆಗೆ ಜೀವ ಬಂದೊಡನೆ ಅದು 'ಸರ್ವರೋ, ವಿಂಡೋಸೋ?' ಎಂದು ಕೇಳಬೇಕು. ಸರ್ವರ್ ಎಂದರೆ ಅದರ ಹೊಟ್ಟೆಯೊಳಗೆ ಸಾಫ್ಟ್‌ವೇರಿನಲ್ಲೇ ಹುಟ್ಟಿದ ಹತ್ತು ಕಂಪ್ಯೂಟರುಗಳು ಏಳುತ್ತವೆ, ವಿಂಡೋಸ್ ಎಂದರೆ ಹೆಂಡತಿ ವಿಯೋರಿಕಾ ಹಳ್ಳಿಯ ಮುದುಕಿಯರಿಂದ ಕೇಳಿ ಬರೆದಿಟ್ಟ ಮದುವೆ ಹಾಡುಗಳು. ಪ್ಲಮ್ ಸಾರಾಯಿಗೆಂದು ಬಂದ ನೆರೆಯವರನ್ನೆಲ್ಲ ಕೂರಿಸಿಕೊಂಡು, "ಒಂದೇ ಸೂರು, ಎರಡು ಸಂಸಾರ ಕಣ್ರೀ! ಜಗಳಾನೇ ಇಲ್ಲ!" ಎನ್ನುತ್ತಿದ್ದ. "ಆ ಹತ್ತರಲ್ಲಿ ಒಂದಾದ್ರೂ ಕಸ ಹೊರಗೆ ಹಾಕತ್ತೇನ್ರೀ?" ಎಂದು ಅವಳು ಕಿಚಾಯಿಸುತ್ತಿದ್ದಳು. ಈಸ್ಟರ್ ಹಿಂದಿನ ದಿನ ಹೊಸ ಸರ್ವರ್ ಹಾಕುವಾಗ, 'ಡಿಸ್ಕ್ ಪೂರ್ತಿ ಅಳಿಸಲೇ?' ಎಂಬ ಪ್ರಶ್ನೆಗೆ ಓದದೆಯೇ ಹೂಂ ಎಂದುಬಿಟ್ಟ; ಅದೇ ಡಿಸ್ಕಿನಲ್ಲಿದ್ದ ಹಾಡುಗಳೂ ಅಳಿಸಿಹೋದವು. ತನ್ನ ಹತ್ತೂ ಕಂಪ್ಯೂಟರುಗಳಿಗೆ ದಿನವೂ ಬ್ಯಾಕಪ್ ತೆಗೆದಿಡುತ್ತಿದ್ದವನು ಅವಳ ಹಾಡುಗಳಿಗೆ ಒಮ್ಮೆಯೂ ತೆಗೆದಿರಲಿಲ್ಲ. ಹಾಡಿದ ಮುದುಕಿಯರಲ್ಲಿ ಈಗ ಒಬ್ಬಳೂ ಇಲ್ಲ. ವಿಯೋರಿಕಾ ಬೈಯಲಿಲ್ಲ; "ಬಿಡ್ರೀ, ನೆನಪಿದ್ದಷ್ಟು ಬರೀತೀನಿ" ಎಂದು ಅಡುಗೆಮನೆಯಲ್ಲಿ ನೋಟ್‌ಬುಕ್ ಹಿಡಿದು ಕೂತಳು. ಈಗ ನೆರೆಯವರು ಬಂದರೆ ನೆಲು ಬರೀ ಹವಾಮಾನದ ಮಾತಾಡುತ್ತಾನೆ. ಬರೆಯುತ್ತ ವಿಯೋರಿಕಾ ಗುನುಗುವ ಹಾಡು ನಡುವೆ ನಿಂತಾಗ, "ಈ ಸಾಲಾದ್ಮೇಲೆ ಏನಿತ್ತು, ನೆನಪಿದ್ಯಾ?" ಎಂದು ಅಡುಗೆಮನೆಯಿಂದಲೇ ಅವನನ್ನು ಕೇಳುತ್ತಾಳೆ. ಅವಳು ಆ ಹಾಡುಗಳನ್ನು ಗುನುಗುತ್ತ ಟೈಪ್ ಮಾಡಿದ ಹನ್ನೊಂದು ವರ್ಷವೂ ಅದೇ ಕೋಣೆಯಲ್ಲಿದ್ದ ನೆಲು ಒಂದು ಹಾಡನ್ನೂ ಕಿವಿಗೊಟ್ಟು ಕೇಳಿರಲಿಲ್ಲ.